ಸಿಂಗ್ರನ ಚೂಪುಕೋಸು

ಸಿಂಗ್ರ ಮೊಟ್ಟಮೊದಲು ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಕಳಿಸಿದವಳು ಬೇರೆ ಯಾರೂ ಅಲ್ಲ, ಹೆತ್ತ ತಾಯಿ ಹೊಂಬಾಳಮ್ಮನೇ!

ಇದ್ದದ್ದು ಒಂದು ಕುರಿ. ಇದ್ದವನು ಒಬ್ಬ ಮಗ. ಕುರಿಗಿದ್ದಷ್ಟು ಬುದ್ಧಿ ಮಗನಿಗೂ ಇದ್ದಿದ್ದರೆ ಸಾಕಿತ್ತು ಅಂತ ಹೊಂಬಾಳಮ್ಮ ದಿನಾ ಒಲೆ ಮುಂದೆ ಕೂತು ಗೊಣಗೋಳು. ಸ್ಕೂಲಿಗೆ ಕಳಿಸಿದ್ದಳು. "ಬಾಯಿ ಮುಚ್ಕೊಂಡು ಕೂತ್ಕೊ" ಅಂದರು ಮೇಷ್ಟ್ರು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತ. ಹೆಸರು ಕೂಗಿದರೂ ಕೈ ತೆಗೆಯಲಿಲ್ಲ. ಮೇಷ್ಟ್ರು ತಾವೇ ಕರೆದುಕೊಂಡು ಬಂದು ಮನೆಗೆ ಬಿಟ್ಟು ಹೋದರು. ಅಲ್ಲಿಗೆ ಓದು ಮುಗೀತು.

"ಹೋಗ್ಲಾ, ಕುರಿ ಮೇಯಿಸ್ಕೊಂಡು ಬಾ. ಅದರ ಹಿಂದೇನೇ ಇರು. ಬಿಟ್ಟು ಬಂದೀಯ, ಹುಷಾರು!" ಅಂದಳು ಆ ಬುಧವಾರ.

"ಆಗಲಿ ಕಣವ್ವ, ಹಂಗೇ ಮಾಡ್ತೀನಿ!" ಅಂದ ಸಿಂಗ್ರ.

ಹಂಗೇ ಮಾಡಿದ. ಊರಾಚೆ ಬಯಲಲ್ಲಿ ವಲಸೆ ಹೋಗುವ ಕುರಿಮಂದೆಯೊಂದು ಬಂತು. ಇವನ ಕುರಿ ಮಂದೆಗೆ ಸೇರಿಕೊಂಡಿತು. ಇವನು ಕುರಿ ಹಿಂದೆ ಸೇರಿಕೊಂಡ. ಹಳ್ಳ ದಾಟಿದ, ಹೊಳೆ ದಾಟಿದ, ಕಾಡು ದಾಟಿದ, ನೀಲಗಿರಿ ಬೆಟ್ಟ ಹತ್ತಿದ! ಮೂರು ಹಬ್ಬ ಕಳೆದ ಮೇಲೆ, ಹೆಗಲಿಗೊಂದು ಕಂಬಳಿ, ಕೈಲೊಂದು ಬಟ್ಟೆಗಂಟು, ಹಲ್ಲು ಬಿಟ್ಟುಕೊಂಡು ಮನೆ ಮುಂದೆ ಬಂದು ನಿಂತ.

ಹೊಂಬಾಳಮ್ಮ ಅತ್ತಳು, ಹೊಡೆದಳು, ತಬ್ಬಿಕೊಂಡಳು. ಆಮೇಲೆ ಕೇಳಿದಳು. "ಕುರಿ ಎಲ್ಲೋಯ್ತ್ಲಾ?"

"ಅದರ ಹಿಂದೇನೇ ಇದ್ದೆ ಕಣವ್ವ! ಬೆಟ್ಟದ ಮೇಲೆ ಮಂಜು ಬಂತು. ಕುರೀನೂ ಬೆಳ್ಳಗಿತ್ತು, ಮಂಜೂ ಬೆಳ್ಳಗಿತ್ತು. ನಾನು ಮಂಜಿನ ಹಿಂದೆ ಹೋಗ್ಬುಟ್ಟೆ!"

"ಗಂಟಲ್ಲೇನು?"

ಬಿಚ್ಚಿ ನೋಡಿದರೆ ಸಾಸಿವೆಯಂಥ ಸಣ್ಣ ಸಣ್ಣ ಬೀಜ. ಒಗ್ಗರಣೆಗೆ ಆಯ್ತು ಅಂತ ಹೊಂಬಾಳಮ್ಮ ಡಬ್ಬಿಗೆ ಸುರಿಯೋಕೆ ಹೋದಳು. ಸಿಂಗ್ರ ಕುಣಿದಾಡಿಬಿಟ್ಟ.

"ಅವ್ವಾ ಅವ್ವಾ, ಸುರೀಬೇಡ! ಅದು ಕೋಸು! ನಮ್ಮೂರ ಸಂತೇಲಿ ಬರೋ ಗುಂಡು ಕೋಸಲ್ಲ, ಚೂಪುಕೋಸು! ಬೆಟ್ಟದ ಮೇಲೆ ಒಬ್ಬ ತೋಟದ ತಾತನ ಹತ್ತಿರ ನೀರು ಹೊತ್ತೆ, ಅವನು ಕೊಟ್ಟ. ತಲೆ ಹಿಂಗೆ ಮೇಲಕ್ಕೆ ಚೂಪಗೆ ಬತ್ತದೆ, ಮಗೀನ ಕುಲಾವಿ ಇದ್ದಂಗೆ! ಎಲೆ ಎಷ್ಟು ಎಳೇದು ಅಂದ್ರೆ ಹಂಗೇ ತಿನ್ಬೌದು!"

ಹೊಂಬಾಳಮ್ಮ ಬೀಜವನ್ನು ಅಂಗೈಲಿ ಹಾಕಿಕೊಂಡು ನೋಡಿದಳು. ಮಗನನ್ನು ನೋಡಿದಳು. ಇವನು ಹೊತ್ತು ತಂದಿದ್ದು ಇದೊಂದು. ಇದು ಹಿತ್ತಲಲ್ಲಿ ಬೇರು ಬಿಟ್ಟರೆ, ಇದರ ಜೊತೆಗೆ ಇವನೂ ಬೇರು ಬಿಟ್ಟಾನೇನೋ! ಅವಳ ಆಸೆ ಇದ್ದದ್ದು ಇಷ್ಟೇ. ಕುರಿ ಹೋದರೆ ಹೋಗಲಿ. ಮಗ ಮತ್ತೆ ಎದ್ದು ಹೋಗದಿದ್ದರೆ ಸಾಕು.

ದಸರೆ ಕಳೆದಿತ್ತು, ಬಿಸಿಲು ಇಳಿದಿತ್ತು. ಹಿತ್ತಲ ಬಾವಿ ಪಕ್ಕ ಒಂದು ಪಾತಿ ಮಾಡಿ, ಹಟ್ಟಿಗೊಬ್ಬರ ಬೆರೆಸಿ, ಬೀಜ ಚೆಲ್ಲಿ, ಮೇಲೆ ತೆಳ್ಳಗೆ ಹುಲ್ಲು ಹೊದಿಸಿದಳು. "ನೋಡ್ಕೊತಿರ್ಲಾ" ಅಂತ ಹೇಳಿ ಕೂಲಿಗೆ ಹೋದಳು.

ಸಾಯಂಕಾಲ ಬಂದು ನೋಡಿದರೆ ಸಿಂಗ್ರ ಪಾತಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಹುಲ್ಲು ಎತ್ತುತ್ತಾನೆ, ನೋಡುತ್ತಾನೆ, ಮುಚ್ಚುತ್ತಾನೆ. ಎತ್ತುತ್ತಾನೆ, ಮಣ್ಣು ಕೆದಕುತ್ತಾನೆ, ಬೀಜ ತೆಗೆದು ನೋಡುತ್ತಾನೆ, ಮುಚ್ಚುತ್ತಾನೆ.

"ಏನ್ಲಾ ಇದು!"

"ನೋಡ್ಕೊತಿರು ಅಂದೆಯಲ್ಲವ್ವ, ನೋಡ್ತಾ ಇದ್ದೀನಿ!"

"ಅಯ್ಯೋ ನನ್ನ ಪೆದ್ದುಮುಂಡೇದೇ! ಹಿಂಗೆ ಕೆದಕಿದ್ರೆ ಮೊಳಕೆ ಬತ್ತದೇನ್ಲಾ? ಮುಚ್ಚಿಟ್ಟಿದ್ದನ್ನ ಮುಟ್ಟಬಾರದು. ಎತ್ತಿ ನೋಡಬಾರದು. ತಾನಾಗೇ ತಲೆ ಎತ್ತಿ ಮೇಲಕ್ಕೆ ಬರೋಗಂಟ ಸುಮ್ಮಗೆ ಕೂತಿರಬೇಕು!"

"ಆಗಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ಹೊಂಬಾಳಮ್ಮ ಅನ್ನಕ್ಕೆ ಇಟ್ಟು, ಮಗನನ್ನು ಒಲೆ ಮುಂದೆ ಕೂರಿಸಿ, ಬಾವಿಗೆ ನೀರಿಗೆ ಹೋದಳು. ಪಾತ್ರೆ ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ಕೊತಕೊತ ಅಂತು. ಸಿಂಗ್ರನ ಕೈ ತಟ್ಟೆಗೆ ಹೋಯಿತು. ಅವ್ವನ ಮಾತು ನೆನಪಾಯಿತು. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ! ಚುರುಚುರು ಅಂತು. ಮುಟ್ಟಲಿಲ್ಲ. ಚಟಚಟ ಅಂತು. ಮುಟ್ಟಲಿಲ್ಲ. ಹೊಗೆ ಬಂತು.

"ತಲೆ ಎತ್ತಿತು! ಎತ್ತಿತು! ಬಂತು, ಬಂತು!" ಅಂತ ಸಿಂಗ್ರ ಚಪ್ಪಾಳೆ ಹೊಡೆದ.

ಬಿಂದಿಗೆ ಎಸೆದು ಓಡಿಬಂದಳು ಹೊಂಬಾಳಮ್ಮ. ಅನ್ನ ಇದ್ದಲಾಗಿತ್ತು. ಪಾತ್ರೆ ತೂತಾಗಿತ್ತು.

"ಕಣ್ಣು ಕಾಣ್ಸಲಿಲ್ವೇನ್ಲಾ!"

"ತಾನಾಗೇ ತಲೆ ಎತ್ತೋಗಂಟ ಮುಟ್ಟಬೇಡ ಅಂದಿದ್ದೆಯಲ್ಲವ್ವ!"

"ಅದು ಬೀಜಕ್ಕೆ ಕಣ್ಲಾ! ಒಳಗಿಂದ ಬುಸುಬುಸು ಅಂತ ಸದ್ದು ಬಂತು ಅಂದ್ರೆ, ಮುಚ್ಚಿರೋದನ್ನ ಕಿತ್ತು ಬಿಸಾಕಿ, ಒಂದು ಚೊಂಬು ನೀರು ಹುಯ್ಯಬೇಕು! ತಿಳೀತಾ?"

"ತಿಳೀತು ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಅದೇ ವಾರ ಕೆಂಚಮಾವ ಬಂದ. ಕೆಂಚಮಾವ ಅಂದರೆ ಹೊಂಬಾಳಮ್ಮನ ಒಡಹುಟ್ಟಿದ ತಮ್ಮ. ಹೊಸ ಸೈಕಲ್ ತಗೊಂಡಿದ್ದ. ಅದನ್ನು ಊರೂರಿಗೆ ತೋರಿಸಿಕೊಂಡು ತಿರುಗೋದೇ ಅವನಿಗೊಂದು ಕೆಲಸ. ಅಕ್ಕನ ಮನೇಲಿ ಮುದ್ದೆ ಉಂಡು, ಜಗಲಿ ಮೇಲೆ ಉರುಳಿಕೊಂಡು, ಮುಖದ ತುಂಬಾ ಕಂಬಳಿ ಎಳೆದುಕೊಂಡು ಮಲಗಿದ. ಸ್ವಲ್ಪ ಹೊತ್ತಿಗೆ ಕಂಬಳಿ ಒಳಗಿಂದ ಸದ್ದು ಶುರುವಾಯಿತು.

ಬುಸ್... ಬುಸ್... ಬುಸ್...

ಸಿಂಗ್ರ ಎದ್ದು ನಿಂತ. ಈ ಸಲ ತಪ್ಪು ಮಾಡೋದಿಲ್ಲ! ಓಡಿದ, ಚೊಂಬು ತುಂಬಿದ, ಓಡಿಬಂದ, ಕಂಬಳಿ ಕಿತ್ತು ಬೀದಿಗೆ ಬಿಸಾಕಿದ, ಮಾವನ ಬಾಯೊಳಕ್ಕೇ ಗುರಿಯಿಟ್ಟು ನೀರು ಹುಯ್ದ!

"ಅಕ್ಕಾ! ಸತ್ತೆ! ಮುಳುಗಿದೆ!"

"ಹೆದರ್ಕೋಬೇಡ ಮಾವ, ಸೀದು ಹೋಗ್ತಿದ್ದೆ, ಉಳಿಸ್ಕೊಂಡೆ!"

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ನೆಂಟರು ಬಂದ್ರೆ ತಲೆ ಮೇಲೆ ನೀರು ಹುಯ್ತಾರೇನ್ಲಾ? ನೀರು ಮುಟ್ಟಿಸಲೇಬಾರದು! ದೂರದಿಂದ ಬಂದು ಸೊರಗಿರ್ತಾರೆ. ಮೆಲ್ಲಗೆ ಮುಖ ಒರೆಸಬೇಕು, ನೆರಳು ಮಾಡಬೇಕು, ಪಕ್ಕದಲ್ಲಿ ಕೂತ್ಕೊಂಡು ಗಾಳಿ ಬೀಸಬೇಕು!"

"ಆಗಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಕೆಂಚಮಾವ ಮೂಗಿನಿಂದ ನೀರು ಸೀನಿಕೊಂಡು, ಬಂದ ವಿಷಯ ಹೇಳಿದ. ಹೊಳೆಯಾಚೆ ಊರಲ್ಲಿ ಸಾಕವ್ವ ಅಂತ ಒಬ್ಬಳು ಅಜ್ಜಿ. ಅವಳಿಗೊಬ್ಬಳು ಮೊಮ್ಮಗಳು, ಚಿಕ್ಕತಾಯಿ. ಗಟ್ಟಿಗಿತ್ತಿ ಹುಡುಗಿ. ಅಜ್ಜಿ ಗಂಡು ಹುಡುಕುತ್ತಾ ಇದ್ದಾಳೆ.

"ಅವರ ಮನೆತನದಲ್ಲಿ ಒಂದು ಪದ್ಧತಿ ಐತೆ ಅಕ್ಕ. ಜಾತಕ ನೋಡಕಿಲ್ಲ. ಗಂಡಿನ ಹಿತ್ತಲಿಂದ ಒಂದು ಗಿಡ ಇಸ್ಕೊಂಡು ಹೋಯ್ತಾರೆ. ಗಂಡೇ ತನ್ನ ಕೈಯಾರೆ ಕಿತ್ತು ಕೊಡಬೇಕು. ಅದನ್ನ ತಮ್ಮ ಹಿತ್ತಲಲ್ಲಿ ನೆಡ್ತಾರೆ. ಚಿಗುರಿದ್ರೆ ಹೆಣ್ಣು ಕೊಟ್ಟಂಗೆ. ಒಣಗಿದ್ರೆ ಇಲ್ಲ. ಅಷ್ಟೇ!"

ಹೊಂಬಾಳಮ್ಮನ ಕಣ್ಣು ಅರಳಿತು. "ಚೂಪುಕೋಸು ಕೊಡೋಣ ಕಣೋ ಕೆಂಚ! ಆ ಸೀಮೇಲೇ ಯಾರೂ ಕಂಡಿರಾಕಿಲ್ಲ! ಮನೇಗೊಂದು ಸೊಸೆ ಬಂದ್ಲು ಅಂದ್ರೆ ಇವನು ಎಲ್ಲಿಗೆ ಹೋದಾನು?"

ಸಿಂಗ್ರನಿಗೂ ಖುಷಿಯೋ ಖುಷಿ. ಹಿತ್ತಲಿಗೆ ಓಡಿ ಬೀಜಗಳಿಗೆ ಕೂಗಿ ಹೇಳಿದ. "ಬೇಗ ಬನ್ರೋ, ನನಗೆ ಮದುವೆ!"

ಬೀಜ ತಲೆ ಎತ್ತಿದವು. ಹುಲ್ಲು ತೆಗೆದರು. ಸಸಿ ಗೇಣುದ್ದ ಆಯಿತು. ಹೊಂಬಾಳಮ್ಮ ಅರ್ಧ ಹಿತ್ತಲಿಗೆ ಸಾಲು ಹೊಡೆದು, ಮೊಳಕ್ಕೊಂದರಂತೆ ಸಸಿ ನೆಟ್ಟಳು. "ಹೊಸ ಜಾಗಕ್ಕೆ ಬಂದವೆ, ಸೊರಗಿರ್ತವೆ. ಉಪಚಾರ ಮಾಡ್ಲಾ" ಅಂತ ಹೇಳಿ, ಕೈ ತೊಳೆದು ಒಳಗೆ ಹೋದಳು.

ಹೊಸ ಜಾಗಕ್ಕೆ ಬಂದವೆ! ಸೊರಗಿರ್ತವೆ! ಸಿಂಗ್ರನಿಗೆ ಅಷ್ಟು ಸಾಕಾಯಿತು. ಅವ್ವನ ಹಳೇ ಸೀರೆ ತುಂಡು ತಂದ. ಒಂದೊಂದು ಸಸಿಯ ಒಂದೊಂದು ಎಲೆಯನ್ನೂ ಮೆಲ್ಲಗೆ ಒರೆಸಿದ. ತನ್ನ ಪಂಚೆ ಬಿಚ್ಚಿ ನೆರಳು ಕಟ್ಟಿದ. ಬೀಸಣಿಗೆ ಹಿಡಿದು ಈ ಸಾಲಿಗೊಮ್ಮೆ, ಆ ಸಾಲಿಗೊಮ್ಮೆ ಬೀಸಿದ. ಬಾವಿ ಕಡೆಯಿಂದ ಒಂದು ಹನಿ ನೀರು ಹರಿದು ಬಂದರೂ ಒಡ್ಡು ಹಾಕಿ ತಡೆದ. ನೆಂಟರಿಗೆ ನೀರು ಮುಟ್ಟಿಸಬಾರದಲ್ಲ!

ಸಸಿಗಳೆಲ್ಲ ಕತ್ತು ಬಾಗಿಸಿ ಮಲಗಿದವು.

"ಶ್! ನಿದ್ದೆ ಮಾಡ್ತಾ ಅವೆ ಕಣವ್ವ!" ಅಂದ, ಅವ್ವ ಬಂದಾಗ. ಚಡ್ಡಿಯಲ್ಲಿ ನಿಂತಿದ್ದ.

"ನಿದ್ದೆಯಲ್ಲ ಕಣ್ಲಾ, ಸಾಯ್ತಾ ಅವೆ! ನೀರು ಹುಯ್ಲಿಲ್ವಾ?"

"ನೀರು ಮುಟ್ಟಿಸಲೇಬಾರದು ಅಂದೆಯಲ್ಲವ್ವ!"

ಹೊಂಬಾಳಮ್ಮ ಬಿಂದಿಗೆ ಹಿಡಿದು ಓಡಿದಳು. ಹುಯ್ಯುತ್ತಾ ಬೈದಳು, ಬೈಯುತ್ತಾ ಹುಯ್ದಳು. "ನೆಟ್ಟಗೆ ನಿಲ್ಲಬೇಕು ಅಂದ್ರೆ ಏನು ಮಾಡಬೇಕು ಗೊತ್ತೇನ್ಲಾ? ಕತ್ತಿನ ಮಟ್ಟಕ್ಕೆ ಮಣ್ಣು ಏರಿಸಬೇಕು! ಸುತ್ತಾ ತುಳಿದು ಬಿಗಿ ಮಾಡಬೇಕು! ಬಿಂದಿಗೆಗಟ್ಲೆ ನೀರು ಹುಯ್ಯಬೇಕು! ಆಗ ಬೀಳಾಕಿಲ್ಲ!"

"ಆಗಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಸಸಿ ಬದುಕಿದವು. ಆದರೆ ಕೆಂಚಮಾವ ಮತ್ತೆ ಬಂದನಲ್ಲ! ಅಜ್ಜಿ ಸಂಕ್ರಾಂತಿ ಹೊತ್ತಿಗೆ ಬರ್ತಾಳಂತೆ ಅಂತ ಸುದ್ದಿ ತಂದಿದ್ದ. ಸೈಕಲ್ಲಿನ ಸ್ಟ್ಯಾಂಡ್ ಮುರಿದಿತ್ತು. ಗೋಡೆಗೆ ಒರಗಿಸಿದರೆ ಜಾರುತ್ತೆ, ಕಂಬಕ್ಕೆ ಒರಗಿಸಿದರೆ ಬೀಳುತ್ತೆ.

"ಲೇ ಸಿಂಗ್ರ, ಇದು ಬೀಳದಂಗೆ ಎಲ್ಲಾದ್ರೂ ನಿಲ್ಲಿಸ್ಲಾ" ಅಂತ ಹೇಳಿ ಮಾವ ಊಟಕ್ಕೆ ಕೂತ. ಈ ಸಲ ಮಲಗಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಉಂಡು, ಎಲೆ ಅಡಿಕೆ ಹಾಕಿಕೊಂಡು ಹಿತ್ತಲಿಗೆ ಬಂದ. ಕೋಸಿನ ಸಾಲಿನ ಕೊನೆಗೆ, ನೆಲದಿಂದ ಒಂದು ಹ್ಯಾಂಡಲ್ಲು ಮೇಲೆ ಎದ್ದಿದೆ. ಪಕ್ಕದಲ್ಲಿ ಒಂದು ಬೆಲ್ಲು. ಹಿಂದೆ ಸೀಟಿನ ತುದಿ. ಮಿಕ್ಕಿದ್ದೆಲ್ಲ ಮಣ್ಣೊಳಗೆ! ಸಿಂಗ್ರ ಸುತ್ತಾ ಥೈಥೈ ಅಂತ ತುಳಿಯುತ್ತಿದ್ದಾನೆ. ಪಕ್ಕದಲ್ಲಿ ನೀರಿನ ಬಿಂದಿಗೆ.

"ಎಳೆದು ನೋಡು ಮಾವ, ಬಿದ್ರೆ ಕೇಳು!"

ಕೆಂಚಮಾವ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟ. ಅವನು ಎಳೆದ, ಅಕ್ಕ ಎಳೆದಳು, ಪಕ್ಕದ ಮನೆಯವರು ಬಂದು ಎಳೆದರು. ಸೈಕಲ್ಲು ಎದ್ದು ಬಂದಾಗ ಮಾವ ಅದನ್ನು ತಬ್ಬಿಕೊಂಡು ನಿಂತ, ಕಳೆದು ಹೋದ ಮಗು ಸಿಕ್ಕಿದಂಗೆ.

"ಲೋ ಅಡ್ನಾಡಿ! ಒಬ್ಬರ ಕೈಗೆ ಒಂದು ವಸ್ತು ಕೊಡಬೇಕಾದ್ರೆ ಹಿಂಗಾ ಕೊಡೋದು? ಒಂದು ಕಾಳು ಮಣ್ಣಿರಬಾರದು! ತಿಕ್ಕಿ ತಿಕ್ಕಿ ತೊಳೀಬೇಕು! ಒರೆಸಬೇಕು! ಎಣ್ಣೆ ಹಚ್ಚಿ, ಮಿರಮಿರ ಮಿಂಚಿಸಿ, ಆಮೇಲೆ ಕೈಗೆ ಕೊಡಬೇಕು!"

"ಆಗಲಿ ಮಾವ, ಇನ್ಮೇಲೆ ಹಂಗೇ ಮಾಡ್ತೀನಿ!"

ಅಲ್ಲಿಂದ ಮುಂದೆ ಹೊಂಬಾಳಮ್ಮ ಒಂದು ಉಪಾಯ ಮಾಡಿದಳು. ಮಗನಿಗೆ ಏನೂ ಹೇಳಲಿಲ್ಲ. ಮಾಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ತಾನೇ ಕಳೆ ಕಿತ್ತಳು, ತಾನೇ ಬೂದಿ ಎರಚಿದಳು, ತಾನೇ ಹುಳ ಆರಿಸಿದಳು. ಸಿಂಗ್ರ ಸುಮ್ಮನೆ ಬದುವಿನ ಮೇಲೆ ಕೂತು ನೋಡಿದ.

ಏನು ಬಂತು ಅಂತೀರಿ ಕೋಸು! ಮೊದಲು ಎಲೆ ಅಗಲಕ್ಕೆ ಹರಡಿತು. ಆಮೇಲೆ ನಡುವಿನ ಎಲೆಗಳು ಒಂದನ್ನೊಂದು ಅಪ್ಪಿಕೊಂಡು ಮೇಲಕ್ಕೆ ಎದ್ದವು. ಸುತ್ತಿಕೊಂಡವು, ಬಿಗಿದುಕೊಂಡವು, ತುದಿ ಚೂಪಾಯಿತು! ಕುಲಾವಿ ಹಾಕಿಕೊಂಡ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದಂಗೆ ಇತ್ತು ಹಿತ್ತಲು. ಊರಿಗೆ ಊರೇ ಬೇಲಿ ಮೇಲೆ ಬಾಗಿ ನೋಡಿತು.

"ಇದ್ಯಾಕಮ್ಮ ಹಿಂಗೆ ಮೂತಿ ಚೂಪಗೈತೆ? ಯಾರಾದ್ರೂ ಮೇಲಿಂದ ಹಿಡ್ಕೊಂಡು ಎಳೆದ್ರಾ?"

"ನನ್ನ ಮಗ ಬೆಟ್ಟದಿಂದ ತಂದಿದ್ದು!" ಅಂದಳು ಹೊಂಬಾಳಮ್ಮ. ಮಗ ಅನ್ನುವ ಮಾತನ್ನು ಅವಳು ಅಷ್ಟು ಜೋರಾಗಿ ಹೇಳಿದ್ದು ಅದೇ ಮೊದಲು. ಸಿಂಗ್ರನಿಗೆ ಕಿವಿ ಬಿಸಿಯಾಯಿತು.

ಸಂಕ್ರಾಂತಿ ಬಂತು. ಸಾಕವ್ವಜ್ಜಿ ಬಂದಳು. ಚಿಕ್ಕತಾಯಿ ಬಂದಳು. ಕೆಂಚಮಾವನೂ ಬಂದ, ಸೈಕಲ್ ಬಿಟ್ಟು ನಡೆದುಕೊಂಡು! ಅವರೆಕಾಳು ಹಾಕಿ ಕೋಸಿನ ಪಲ್ಯ ಮಾಡಿ ಬಡಿಸಿದರೆ, ಅಜ್ಜಿ ಎರಡು ಸಲ ಹಾಕಿಸಿಕೊಂಡಳು.

"ಎಳೇ ಬೆಣ್ಣೆ ಇದ್ದಂಗೆ ಐತಲ್ಲವ್ವ! ಸರಿ, ಇನ್ನೂ ತಲೆ ಕಟ್ಟದಿರೋ ಎಳೇ ಗಿಡ ಒಂದು ಕೊಡಪ್ಪ. ನಮ್ಮ ಹಿತ್ತಲಲ್ಲಿ ನೆಡ್ತೀವಿ. ಚಿಗುರಿದ್ರೆ ಮುಂದಿನ ಮಾತು."

ಹೊಂಬಾಳಮ್ಮ ಹಿತ್ತಲ ಕಡೆ ನೋಡಿದಳು. ತಡವಾಗಿ ನೆಟ್ಟ ಎಳೇ ಗಿಡಗಳು ಒಂದು ಸಾಲು ಇದ್ದವು. ತಾನು ಹೋಗಿ ಕೀಳೋಣ ಅಂದರೆ ಪದ್ಧತಿ ಬಿಡುವುದಿಲ್ಲ. ಹೇಗೆ ಕೀಳಬೇಕು ಅಂತ ಹೇಳೋಣ ಅಂದರೆ ಹೇಳಿದ್ದೇ ಎಡವಟ್ಟಾದರೆ? ಬಾಯಿ ಬಿಗಿಹಿಡಿದು ಕೂತಳು. ಸಿಂಗ್ರ ಹಿತ್ತಲಿಗೆ ಹಾರಿಕೊಂಡು ಹೋದ.

ಹೋದವನು ಬರಲೇ ಇಲ್ಲ. ಬಾವಿ ಕಡೆಯಿಂದ ನೀರಿನ ಸದ್ದು ಬಂತು. ತಿಕ್ಕುವ ಸದ್ದು ಬಂತು. ಅಡುಗೆಮನೆಗೆ ಬಂದು ಹರಳೆಣ್ಣೆ ಕುಡಿಕೆ ತೆಗೆದುಕೊಂಡು ಹೋದ. ಆಮೇಲೆ ಬಂದ ನೋಡಿ! ಎರಡು ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ಅಜ್ಜಿ ಮುಂದೆ ಚಾಚಿದ.

ಕೋಸಿನ ಗಿಡ. ಬೇರಲ್ಲಿ ಒಂದು ಕಾಳು ಮಣ್ಣಿಲ್ಲ. ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಬೇರೂ ಅರ್ಧ ಸವೆದಿದೆ. ಎಲೆಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಮಿರಮಿರ ಮಿಂಚುತ್ತಿದೆ!

ಕೆಂಚಮಾವ ಮೆಲ್ಲಗೆ ಗೋಡೆ ಕಡೆ ತಿರುಗಿ ಕೂತ.

"ಇದೇನಪ್ಪ?" ಅಂದಳು ಅಜ್ಜಿ.

"ಮಾವ ಹೇಳಿಕೊಟ್ಟಿದ್ದು ಅಜ್ಜಿ!"

ಆಗ ಕಿಸಕ್ ಅಂತ ಒಂದು ಸದ್ದು. ಚಿಕ್ಕತಾಯಿ! ಸೆರಗು ಬಾಯಿಗೆ ತುರುಕಿಕೊಂಡಳು, ತಡೆಯಲಿಲ್ಲ. ಕಂಬ ಹಿಡಿದುಕೊಂಡಳು, ತಡೆಯಲಿಲ್ಲ. ಕಣ್ಣಲ್ಲಿ ನೀರು ಬರುವಂಗೆ ನಕ್ಕಳು. "ಅಜ್ಜಿ, ಗಿಡಕ್ಕೆ ಎಣ್ಣೆಸ್ನಾನ ಮಾಡಿಸವ್ರೆ ಅಜ್ಜಿ! ಸೀಗೇಪುಡಿ ಒಂದು ಹಾಕಿಲ್ಲ!"

"ಹಾಕಬೇಕಿತ್ತಾ?" ಅಂತ ಸಿಂಗ್ರ ಕಳವಳದಿಂದ ಕೇಳಿದ. ಚಿಕ್ಕತಾಯಿ ನೆಲಕ್ಕೇ ಕುಸಿದಳು.

ಅಜ್ಜಿ ಮೊಮ್ಮಗಳನ್ನು ನೋಡಿದಳು. ಹುಡುಗನನ್ನು ನೋಡಿದಳು. "ಬಾ ಇಲ್ಲಿ" ಅಂತ ಪಕ್ಕದಲ್ಲಿ ಕೂರಿಸಿಕೊಂಡಳು. "ನೋಡು ಮಗ. ಒಂದು ಕಡೆ ಬೇರು ಬಿಟ್ಟಿದ್ದನ್ನ ಇನ್ನೊಂದು ಕಡೆಗೆ ಕರ್ಕೊಂಡು ಹೋಗಬೇಕಾದ್ರೆ, ಅದರ ಮಣ್ಣನ್ನ ಉದುರಿಸಬಾರದು. ಆ ಮಣ್ಣನ್ನೂ ಜೊತೇಲೇ ಕರ್ಕೊಂಡು ಹೋಗಬೇಕು. ಬುಡಕ್ಕೆ ಮಣ್ಣು ಮೆತ್ತಿ, ಒದ್ದೆ ಗೋಣಿತಾಟು ಸುತ್ತಿ, ಬಿದಿರು ಮಂಕರೀಲಿ ಅಲುಗದಂಗೆ ಕೂರಿಸಿ, ತಲೆ ಮೇಲೆ ಬಾಳೆಲೆ ನೆರಳು ಮಾಡಬೇಕು. ಆಗ ಬಾಡಾಕಿಲ್ಲ. ಇನ್ನೊಂದು ಗಿಡ ಹಂಗೆ ಕಟ್ಕೊಂಡು ನೀನೇ ನಮ್ಮೂರಿಗೆ ಬಾ. ಕೈಯಾರೆ ನೆಡು. ಚಿಗುರೋಗಂಟ ನಮ್ಮಲ್ಲೇ ಇದ್ದು ನೋಡ್ಕೊ."

"ಆಗಲಿ ಅಜ್ಜಿ, ಹಂಗೇ ಮಾಡ್ತೀನಿ!"

ನೆಂಟರು ಹೋದರು. ಹೊಂಬಾಳಮ್ಮ ಹೊಸಿಲ ಮೇಲೆ ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮತ್ತೆ ಹೊಂಟೆಯೇನ್ಲಾ?"

"ಗಿಡ ನೆಡೋಕೆ ಕಣವ್ವ!"

"ಕುರಿ ಹಿಂದೆ ಹೋದೋನು ಮೂರು ಹಬ್ಬ ಬರಲಿಲ್ಲ. ಇನ್ನು ಹುಡುಗಿ ಹಿಂದೆ ಹೋದೋನು ಬಂದೀಯ?"

"ನೀನೂ ಬಾರವ್ವ!"

"ನಾನೆಲ್ಲಿ ಬರ್ಲಿ? ಈ ಹಿತ್ತಲಲ್ಲೇ ಬೇರು ಬಿಟ್ಟೋಳು ನಾನು. ಕಿತ್ರೆ ಬಾಡಿ ಹೋಯ್ತೀನಿ ಕಣ್ಲಾ."

ಸಿಂಗ್ರ ಅವ್ವನ ಕಾಲನ್ನೇ ನೋಡುತ್ತಾ ನಿಂತ. ಮಣ್ಣು ಮೆತ್ತಿದ, ಬಿರುಕು ಬಿಟ್ಟ ಕಾಲು. ಹೌದಲ್ಲ! ಅವ್ವ ಹೇಳೋದು ನಿಜ!

ಬೆಳಿಗ್ಗೆ ಕೆಂಚಮಾವ ಎತ್ತಿನ ಗಾಡಿ ಹೊಡೆದುಕೊಂಡು ಬಂದ, ಅಳಿಯನನ್ನು ಹೊಳೆ ದಾಟಿಸಿ ಬಿಟ್ಟು ಬರೋಕೆ. ಬಂದವನು ಹಗ್ಗ ಕೈಲಿ ಹಿಡಿದುಕೊಂಡೇ ನಿಂತುಬಿಟ್ಟ.

ಅಂಗಳದಲ್ಲಿ ಒಂದು ದೊಡ್ಡ ಮಂಕರಿ. ಮಂಕರಿಯೊಳಗೆ, ಇನ್ನೂ ನಿದ್ದೆಗಣ್ಣಲ್ಲೇ, ಹೊಂಬಾಳಮ್ಮ! ಅವಳ ಪಾದದಿಂದ ಮೊಣಕಾಲಿನವರೆಗೆ ಹಿತ್ತಲ ಮಣ್ಣು. ಮಣ್ಣಿನ ಸುತ್ತ ಒದ್ದೆ ಗೋಣಿತಾಟು. ತಾಟಿಗೆ ಬಾಳೆನಾರಿನ ಕಟ್ಟು. ತಲೆ ಮೇಲೆ ಎರಡು ಬಾಳೆಲೆ. ಮಡಿಲಲ್ಲಿ ಚೂಪುಕೋಸಿನ ಎಳೇ ಗಿಡ, ಅದಕ್ಕೂ ಅಂಥದೇ ಒಂದು ಪುಟ್ಟ ಕಟ್ಟು. ಸಿಂಗ್ರ ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಮಂಡಿಯೂರಿ ಕೂತು, ಅವ್ವನ ಕಾಲ ಸುತ್ತ ಮಣ್ಣು ಒತ್ತಿ ಒತ್ತಿ ಬಿಗಿ ಮಾಡುತ್ತಿದ್ದಾನೆ.

"ಅಕ್ಕಾ! ಇದೇನಕ್ಕ ಅವತಾರ!"

"ಅಲುಗಬೇಡ ಅವ್ವ, ಬೇರು ಸಡಿಲ ಆಯ್ತದೆ!" ಅಂದ ಸಿಂಗ್ರ.

ಹೊಂಬಾಳಮ್ಮ ಬಾಯಿ ತೆರೆದಳು. ಬೈಗುಳ ತುದಿನಾಲಿಗೆಗೆ ಬಂದಿತ್ತು. ಬೈದ ಮೇಲೆ ಹೇಳಬೇಕಾದ ಬುದ್ಧಿಮಾತೂ ಬಂದಿತ್ತು. ಬಗ್ಗಿದ ಮಗನ ತಲೆ ನೋಡಿದಳು. ಗಾಡಿ ನೋಡಿದಳು. ಬೈಗುಳ, ಬುದ್ಧಿಮಾತು ಎರಡನ್ನೂ ನುಂಗಿಕೊಂಡಳು.

"ಎಡಗಾಲಿಗೆ ಸಾಲದು ಕಣ್ಲಾ" ಅಂದಳು. "ಇನ್ನೊಂದು ಬೊಗಸೆ ಹಾಕು."